ಬೀರಯ್ಯನ ಬೆಳ್ಳಿ ಬಣ್ಣ

ಹುಣಸೂರಿನ ಬೈಪಾಸ್ ರಸ್ತೆಯಲ್ಲಿ ಸಣ್ಣಬೀರಯ್ಯನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಬಾಯಿಬಿಟ್ಟು ದಾರಿ ಹೇಳುತ್ತಿರಲಿಲ್ಲ, ಸುಮ್ಮನೆ ಕೈ ತೋರಿಸುತ್ತಿದ್ದರು. ಒಂದು ತಗಡಿನ ಬಾಗಿಲು, ಮುಂದೆ ಹೊಂಗೆ ಮರ, ಮರದ ಕೆಳಗೆ ಬಾನೆಟ್ ತೆರೆದುಕೊಂಡು ನಿಂತ ಒಂದೋ ಎರಡೋ ಗಾಡಿ. ಆ ಗಾಡಿಯ ಹೊಟ್ಟೆಯೊಳಗೆ ಸೊಂಟದವರೆಗೂ ಇಳಿದು, ಹೊರಗಿನವರಿಗೆ ಖಾಕಿ ಚಡ್ಡಿಯನ್ನಷ್ಟೇ ತೋರಿಸುತ್ತಿದ್ದ ಆಸಾಮಿಯೇ ಬೀರಯ್ಯ. ವಯಸ್ಸು ಐವತ್ತೆರಡು. ಕೆಲಸ ಗಾಡಿಗಳ ವೈರಿಂಗು. ಗಾಡಿಯ ದೀಪ, ಹಾರನ್ನು, ಸ್ಟಾರ್ಟರು, ಒಟ್ಟಿನಲ್ಲಿ ಕರೆಂಟು ಹರಿಯುವ ಜಾಗವೆಲ್ಲ ಅವನದು. ಎಣ್ಣೆ ಹರಿಯುವ ಜಾಗ ಬೇರೆಯವರದು. ಈ ಗಡಿಯನ್ನು ಅವನು ಊರಿನ ಎಲ್ಲೆಕಲ್ಲಿನಷ್ಟು ಗಟ್ಟಿಯಾಗಿ ಕಾಯುತ್ತಿದ್ದ.

ಅವನ ಕೊರಳಲ್ಲಿ ಸದಾ ಒಂದು ದೀಪ ನೇತಾಡುತ್ತಿತ್ತು. ಹಳೇ ಸ್ಕೂಟರಿನ ಪುಟ್ಟ ಬಲ್ಬು, ಅದರಿಂದ ಹೊರಟ ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿಚೀಲ ಹೊಲಿಯುವ ದಬ್ಬಳ. ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಕಚ್ಚಿಸಿ, ದಬ್ಬಳವನ್ನು ಅನುಮಾನ ಬಂದ ಕಡೆ ಚುಚ್ಚಿದರೆ, ಕರೆಂಟು ಇದ್ದಲ್ಲಿ ಬಲ್ಬು ಉರಿಯುತ್ತದೆ, ಇಲ್ಲದಲ್ಲಿ ಇಲ್ಲ. "ಮೊದ್ಲು ದೀಪ ಮಾತಾಡ್ಲಿ, ಆಮ್ಯಾಕೆ ನಾನು ಮಾತಾಡ್ತೀನಿ" ಎನ್ನುವುದು ಅವನ ವರಸೆ. ದೀಪ ಹಿಡಿಯದೆ ಆ ಪಾರ್ಟು ಹೋಗಿದೆ, ಈ ಪಾರ್ಟು ಹೋಗಿದೆ ಎಂದು ಬಿಚ್ಚಿ ಬಿಸಾಡುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

ಅವನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಆಯುಧಪೂಜೆಯ ಹಿಂದಿನ ಎರಡು ದಿನ ಅವನು ಯಾವ ರಿಪೇರಿಯನ್ನೂ ಹಿಡಿಯುತ್ತಿರಲಿಲ್ಲ. ವರ್ಷವಿಡೀ ತನ್ನನ್ನು ನಂಬಿ ಬಂದ ನಾಲ್ಕೈದು ಗಾಡಿಗಳನ್ನು ಮರದ ಕೆಳಗೆ ನಿಲ್ಲಿಸಿಕೊಂಡು, ಇಂಜಿನ್ನಿನ ಜಿಡ್ಡನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಸಿಲ್ವರ್ ಪೇಂಟು ಹೊಡೆಯುತ್ತಿದ್ದ. ಅದಕ್ಕೆ ಬಿಡಿಗಾಸೂ ಮುಟ್ಟುತ್ತಿರಲಿಲ್ಲ. ಬೋಲ್ಟು, ವಾಷರು, ಪಟ್ಟಿ ಯಾವುದನ್ನೂ ಬಿಡುತ್ತಿರಲಿಲ್ಲ. ಅರಿಸಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನು ಮದುವೆಮನೆಯ ಹೊಸ ಕೊಳದಪ್ಪಲೆಯ ಹಾಗೆ ಹೊಳೆಯುತ್ತಿತ್ತು. ಗಾಡಿಯವರು ಬಾಯಿ ತೆರೆದು ನಿಲ್ಲುವುದನ್ನು ನೋಡಿಯೇ ಅವನ ಹೊಟ್ಟೆ ತುಂಬುತ್ತಿತ್ತು.

ಅಂಥ ಅದೃಷ್ಟದ ಗಾಡಿಗಳಲ್ಲಿ ಕಟ್ಟೆಮಳಲವಾಡಿಯ ಲಿಂಗರಾಜುವಿನ ಡೀಸೆಲ್ ವ್ಯಾನೂ ಒಂದು. ಲಿಂಗರಾಜು ಇಪ್ಪತ್ತೇಳರ ಹುಡುಗ. ಊರಿನ ಸೊಪ್ಪು, ಟೊಮೆಟೊ, ಬೀನ್ಸು ತುಂಬಿಕೊಂಡು ಬೆಳಗಿನ ಆರಕ್ಕೆ ಮೈಸೂರಿನ ಮಾರ್ಕೆಟ್ಟಿಗೆ ಹೊರಡುತ್ತಿದ್ದ. ಬರುವಾಗ ಯಾರದೋ ಮಾತ್ರೆ, ಯಾರದೋ ರಸಗೊಬ್ಬರ, ಯಾರದೋ ಬಸುರಿ ಮಗಳು ಎಲ್ಲವನ್ನೂ ಹತ್ತಿಸಿಕೊಂಡು ಬರುತ್ತಿದ್ದ. ೧೯೯೮ರ ಆಯುಧಪೂಜೆಗೆ ಬೀರಯ್ಯ ಅವನ ಇಂಜಿನ್ನಿಗೆ ಎರಡು ಕೋಟು ಬಣ್ಣ ಹೊಡೆದಿದ್ದ. ಎಲ್ಲರಿಗೂ ಒಂದು ಕೋಟು, ಲಿಂಗರಾಜುವಿಗೆ ಮಾತ್ರ ಎರಡು. ಹುಡುಗನನ್ನು ಕಂಡರೆ ಅಷ್ಟು ಪ್ರೀತಿ.

ಡಿಸೆಂಬರಿನ ಚಳಿ ಬಿದ್ದದ್ದೇ ವ್ಯಾನು ಮುಷ್ಕರ ಹೂಡಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಕರ್ರ್ ಕರ್ರ್ ಎನ್ನುತ್ತದೆ, ಹಿಡಿದುಕೊಳ್ಳುವುದಿಲ್ಲ. ಬಿಸಿಲೇರಿದ ಮೇಲೆ, ಒಂದು ಸಲ ಓಡಿದ ಮೇಲೆ, ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತದೆ. ಇಳಿಜಾರಿನಲ್ಲಿ ನಿಲ್ಲಿಸೋಣವೆಂದರೆ ಲಿಂಗರಾಜುವಿನ ಬೀದಿ ಹಪ್ಪಳದಷ್ಟು ಸಮತಟ್ಟು. ಹಾಗಾಗಿ ದಿನಾ ಬೆಳಿಗ್ಗೆ ಐದೂ ಮುಕ್ಕಾಲಕ್ಕೆ ಬೀದಿಯ ಹನ್ನೆರಡು ಜನ ಕಂಬಳಿ ಹೊದ್ದುಕೊಂಡೇ ಹೊರಗೆ ಬಂದು, ಹಿಂದಿನಿಂದ ಕೈ ಕೊಟ್ಟು, ವ್ಯಾನನ್ನು ಅರಳಿಕಟ್ಟೆಯವರೆಗೆ ತಳ್ಳಬೇಕಾಯಿತು. ಎದುರು ಮನೆಯ ಮರಮ್ಮ ಅರವತ್ತು ದಾಟಿದವಳು, ಅವಳೂ ಬಂದು ಕೈ ಕೊಡುತ್ತಿದ್ದಳು.

ಲಿಂಗರಾಜು ಬೀರಯ್ಯನ ಹತ್ತಿರ ಬಂದ.

"ಹೀಟ್ರು ಆಕಿ ಮೂವತ್ತು ಎಣಿಸ್ತೀನಿ ಕಣಣ್ಣ. ಆದ್ರೂ ಇಡ್ಕಳದಿಲ್ಲ. ನೀವೊಂದ್ಸಲ ನೋಡಿ."

ಡೀಸೆಲ್ ಇಂಜಿನ್ನಿಗೆ ಕಿಡಿ ಬೇಕಿಲ್ಲ, ಕಾವು ಬೇಕು. ಚಳಿಯಲ್ಲಿ ಆ ಕಾವು ಕೊಡಲೆಂದೇ ಇಂಜಿನ್ನಿನಲ್ಲಿ ನಾಲ್ಕು ಹೀಟರ್ ಪ್ಲಗ್ಗು ಇರುತ್ತವೆ. ಕೀಲಿಯನ್ನು ಅರ್ಧ ತಿರುಗಿಸಿ ಹಿಡಿದರೆ ಅವು ಕಾಯುತ್ತವೆ, ಆಮೇಲೆ ಪೂರ್ತಿ ತಿರುಗಿಸಬೇಕು. ಇದು ಬೀರಯ್ಯನ ಗಡಿಯೊಳಗಿನ ವಿಷಯವೇ. ಆದರೆ ಅವನು ಕೊರಳಿನ ದೀಪವನ್ನು ಮುಟ್ಟಲೂ ಇಲ್ಲ.

"ಪಂಪು ಕಣ್ಲಾ. ಡೀಸೆಲ್ಲು ಸರ್ಯಾಗಿ ಬತ್ತಾ ಇಲ್ಲ. ನನ್ನ ಲೈನು ಮುಟ್ಟಂಗೇ ಇಲ್ಲ. ಅಬ್ಬದಲ್ಲಿ ನಾನೇ ಎಲ್ಲಾ ಬಿಚ್ಚಿ, ಒರೆಸಿ, ಬಣ್ಣ ಒಡ್ದು ಬಿಗ್ದಿವ್ನಿ. ಓಗು, ಪಂಪಿನವ್ರಿಗೆ ತೋರ್ಸು."

ಪಂಪಿನವನು ಪಂಪು ಇಳಿಸಿ ಏರಿಸಿದ. ವ್ಯಾನು ಹಗಲಲ್ಲಿ ಟಕ್ಕನೆ ಹೊರಟಿತು, ಮಾರನೆಯ ಬೆಳಿಗ್ಗೆ ಮತ್ತೆ ಹನ್ನೆರಡು ಜನ. ಲಿಂಗರಾಜು ಮತ್ತೆ ಬಂದ, ಬೀರಯ್ಯ ಮತ್ತೆ ಕಳಿಸಿದ. ಮೈಸೂರಿನಲ್ಲಿ ಯಾರೋ ಮೇಸ್ತ್ರಿ ನಾಲ್ಕೂ ಹೀಟರ್ ಪ್ಲಗ್ಗನ್ನು ಹೊಸದು ಹಾಕಿಕೊಟ್ಟ. ಅದೂ ಹಗಲಲ್ಲಿ, ಬಿಸಿ ಇಂಜಿನ್ನಿಗೆ. ಮಾರನೆಯ ಬೆಳಿಗ್ಗೆ ಮತ್ತೆ ಹನ್ನೆರಡು ಜನ. ಮೂರನೇ ಸಲ ಬಂದಾಗ ಬೀರಯ್ಯ, "ಪ್ಲಗ್ಗೂ ಒಸದಾದ್ಮೇಲೆ ಇನ್ನೇನ್ ಉಳೀತ್ಲಾ? ಪಂಪೇ" ಎಂದು ಬಾನೆಟ್ಟಿನೊಳಗೆ ತಲೆ ತೂರಿಸಿಬಿಟ್ಟ.

ಇಷ್ಟೇ ಆಗಿದ್ದರೆ ಹೇಗೋ ಬೇಸಿಗೆ ಬರುತ್ತಿತ್ತು, ವ್ಯಾನು ತಾನೇ ಸರಿಯಾಗುತ್ತಿತ್ತು. ಆದರೆ ಸಂಕ್ರಾಂತಿ ಕಳೆದ ಮೇಲೆ ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದಿಂದ ಕೆಂಪಯ್ಯ ಬಂದ. ಮರಮ್ಮನ ತಮ್ಮ, ನಾಲೆ ನೀರಿನ ಗದ್ದೆಯ ರೈತ, ಮಾತು ಕಮ್ಮಿ. ಅವನ ಮಗಳು ರಮ್ಯಳನ್ನು ಲಿಂಗರಾಜು ನೋಡಿಕೊಂಡು ಬಂದಿದ್ದ. ನೋಡಿ ಬಂದವನು ಮೂರು ದಿನ ಟೊಮೆಟೊ ಲೆಕ್ಕ ತಪ್ಪಿದ್ದ, ಅಷ್ಟು ಹಿಡಿಸಿತ್ತು. ಆ ಹುಡುಗಿಗೂ ಹಿಡಿಸಿದೆ ಎಂದು ಮರಮ್ಮ ಸುದ್ದಿ ತಂದಿದ್ದಳು. ಉಳಿದದ್ದು ಗಂಡಿನ ಮನೆ ನೋಡುವ ಶಾಸ್ತ್ರ. ಕೆಂಪಯ್ಯ ಮನೆ ನೋಡಿದ, ಹೊಲ ನೋಡಿದ, ಕೊಟ್ಟಿಗೆ ನೋಡಿದ, ಅಕ್ಕನ ಮನೆಯಲ್ಲಿ ಮಲಗಿದ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾ ಬಾಗಿಲಿಗೆ ಬಂದರೆ, ತನ್ನ ಭಾವೀ ಅಳಿಯ ಸೀಟಿನಲ್ಲಿ ಕೂತಿದ್ದಾನೆ, ಬೀದಿಗೆ ಬೀದಿಯೇ ಹಿಂದೆ ನಿಂತು ತಳ್ಳುತ್ತಿದೆ, ಅವರ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಸ್ವಂತ ಅಕ್ಕ!

ಕೆಂಪಯ್ಯ ಬಾಯಿ ಮುಕ್ಕಳಿಸಿ ಒಂದೇ ಮಾತು ಹೇಳಿದ. "ಅಕ್ಕ, ಗಾಡಿ ನಂಬ್ಕಂಡು ಬದುಕೋನು. ಆ ಗಾಡೀನೇ ಎದ್ದು ನಿಲ್ಲಕ್ಕೆ ಅನ್ನೆರ್ಡು ಜನ ಬೇಕು ಅಂದ್ರೆ, ನಾಳೆ ನನ್ನ ಮಗ್ಳು ಅದ್ಮೂರ್ನೇಯವ್ಳಾಗಿ ತಳ್ಬೇಕಾ? ಮುಂದಿನ ಗುರುವಾರ ಬತ್ತೀನಿ. ಬೆಳಗ್ಗೆ ಯಾರೂ ಕೈ ಆಕ್ದೆ ವ್ಯಾನು ಒಂಟ್ರೆ ಎಲೆ ಅಡಿಕೆ ಬದಲಾಯ್ಸ್ಕಳವ. ಇಲ್ದಿದ್ರೆ ಬುಟ್ಬುಡವ."

ಬುಧವಾರ ಮಧ್ಯಾಹ್ನ ಲಿಂಗರಾಜು ಹುಣಸೂರಿಗೆ ಬಂದಾಗ ಅವನ ಮುಖ ನೋಡುವ ಹಾಗಿರಲಿಲ್ಲ. ಬೀರಯ್ಯ ಹೊಂಗೆ ಮರದ ಕೆಳಗೆ ಮುದ್ದೆ ಮುರಿಯುತ್ತಿದ್ದ. ಬುತ್ತಿ ತಂದ ಹೆಂಡತಿ ಪುಟ್ಟಮಾದಮ್ಮ ಪಕ್ಕದಲ್ಲಿ ಕೂತು ಉಪ್ಪೆಸರು ಬಡಿಸುತ್ತಿದ್ದಳು. ಲಿಂಗರಾಜು ನಡೆದದ್ದನ್ನೆಲ್ಲ ಹೇಳಿ, ಕೊನೆಗೆ, "ಆ ಉಡುಗಿ ಬುಟ್ರೆ ನಂಗೆ ಬ್ಯಾರೆ ಬ್ಯಾಡ ಕಣಣ್ಣ" ಎಂದು ನೆಲ ನೋಡಿದ.

ಬೀರಯ್ಯ ಬಾಯಿ ತೆರೆದ. "ಪಂ..." ಎನ್ನುವಷ್ಟರಲ್ಲಿ ಪುಟ್ಟಮಾದಮ್ಮ ಸೌಟು ಕೆಳಗಿಟ್ಟಳು.

"ಅಲ್ಲ ಕಣ್ರೀ, ಮೂರು ಸಲ ಬಂದವ್ನೆ. ಒಂದ್ಸಲಾನಾರಾ ದೀಪ ಇಡ್ದು ನೋಡಿದ್ರಾ?"

ಬೀರಯ್ಯ ಮುರಿದ ಮುದ್ದೆಯನ್ನು ತಟ್ಟೆಗೇ ಇಟ್ಟ. ನೋಡಿರಲಿಲ್ಲ. ಮೂವತ್ತು ವರ್ಷ ಊರಿಗೆಲ್ಲ ಬೋಧನೆ ಮಾಡಿದವನು ತಾನೇ ದೀಪಕ್ಕಿಂತ ಮುಂಚೆ ಮಾತಾಡಿಬಿಟ್ಟಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ನೀರು ಕುಡಿದು, ಕೈ ತೊಳೆದು ಹೇಳಿದ: "ಚಳೀಲಿ ಬರೋ ಕಾಯ್ಲೇನ ಚಳೀಲೇ ಇಡೀಬೇಕು. ಬೆಳಗ್ಗೆ ಐದಕ್ಕೆ ನಾನೇ ಬತ್ತೀನಿ, ಓಗು."

ಗುರುವಾರ ಬೆಳಿಗ್ಗೆ ಮಂಜು ಹೇಗಿತ್ತೆಂದರೆ ಬೀರಯ್ಯನ ಮೊಪೆಡ್ಡಿನ ಬೆಳಕು ಮುಂದಿನ ಚಕ್ರ ದಾಟಿ ಹೋಗುತ್ತಿರಲಿಲ್ಲ. ಮಫ್ಲರು ಸುತ್ತಿಕೊಂಡು, ಹಲ್ಲು ಕಟಕಟಿಸುತ್ತಾ ಅವನು ಕಟ್ಟೆಮಳಲವಾಡಿ ತಲುಪಿದಾಗ ಬೀದಿ ಆಗಲೇ ಎದ್ದು ಕೂತಿತ್ತು. ಹನ್ನೆರಡು ಜನವೂ ಹಾಜರು. ತಳ್ಳಬಾರದು ಎಂದು ಗೊತ್ತಿದ್ದರೂ ಅಭ್ಯಾಸಬಲ. ರಾತ್ರಿಯೇ ಬಂದು ತಂಗಿದ್ದ ಕೆಂಪಯ್ಯ ಕೂಡ ಅಕ್ಕನ ಜಗಲಿಯಿಂದ ಇಳಿದು ಬಂದ. ಬೀರಯ್ಯ ಕತ್ತಲಲ್ಲಿ ತಡಕಾಡುವುದನ್ನು ನೋಡಿ ತಾನೇ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತ. ಪರೀಕ್ಷೆ ಮಾಡಲು ಬಂದವನೇ ದೀಪ ಹಿಡಿದರೆ ಪರೀಕ್ಷೆಗೆ ಕೂತವನಿಗೆ ಹೇಗಾಗಬೇಡ.

ಬೀರಯ್ಯ ಮೊದಲು ಸೀಟಿನ ಕಡೆ ಹೋದ. "ಹೀಟ್ರು ಆಕ್ದಾಗ ಸುರುಳಿ ಕೆಂಪಗಾಯ್ತದೇನ್ಲಾ?"

"ಯಾವ ಸುರುಳಿ ಅಣ್ಣ?"

ಸ್ಟೇರಿಂಗಿನ ಪಕ್ಕ ಒಂದು ಪುಟ್ಟ ಕಿಂಡಿ, ಅದರೊಳಗೊಂದು ತಂತಿಯ ಸುರುಳಿ ಇರುತ್ತದೆ. ಹೀಟರಿಗೆ ಕರೆಂಟು ಹೋಗುತ್ತಿದ್ದರೆ ಆ ಸುರುಳಿ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಲಿಂಗರಾಜು ಆಯುಧಪೂಜೆಯ ದಿನ ಮಾದಪ್ಪನ ಪಟವನ್ನು ಸರಿಯಾಗಿ ಆ ಕಿಂಡಿಯ ಮೇಲೇ ಅಂಟಿಸಿದ್ದ. ಅಂದಿನಿಂದ ಮಾದಪ್ಪನ ಮುಖ ನೋಡಿಕೊಂಡೇ ಮೂವತ್ತು ಎಣಿಸುತ್ತಿದ್ದ. ಈಗ ಪಟವನ್ನು ಮೆಲ್ಲಗೆ ಬಿಡಿಸಿ, ಕಣ್ಣಿಗೊತ್ತಿಕೊಂಡು, ಮೇಲಿನ ಗಾಜಿಗೆ ಅಂಟಿಸಿದ. ಕೀಲಿ ಅರ್ಧ ತಿರುಗಿಸಿ ಹಿಡಿದ. ಸುರುಳಿ ಕರ್ರಗೇ ಇತ್ತು.

ಅಲ್ಲಿಗೆ ಪಂಪು ನಿರಪರಾಧಿ. ಹೀಟರಿಗೆ ಕರೆಂಟೇ ಹರಿಯುತ್ತಿಲ್ಲ. ತಪ್ಪು ಬೀರಯ್ಯನ ಗಡಿಯೊಳಗೇ ಇತ್ತು.

ಲಿಂಗರಾಜುವಿಗೆ ಕೀಲಿಯನ್ನು ಹಾಗೇ ಹಿಡಿದಿರಲು ಹೇಳಿ ಅವನು ಬಾನೆಟ್ಟಿನೊಳಗೆ ಇಳಿದ. ಕ್ಲಿಪ್ಪನ್ನು ಇಂಜಿನ್ನಿನ ಒಂದು ಹೊಳೆಯುವ ಬೋಲ್ಟಿಗೆ ಕಚ್ಚಿಸಿ ಮೊದಲ ಪ್ಲಗ್ಗಿಗೆ ದಬ್ಬಳ ಮುಟ್ಟಿಸಿದ. ಬಲ್ಬು ಉರಿಯಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು, ಯಾವುದರಲ್ಲೂ ಇಲ್ಲ. ಕೊನೆಗೆ ಬ್ಯಾಟರಿಯ ತಲೆಗೇ ದಬ್ಬಳ ಇಟ್ಟ. ಅಲ್ಲೂ ಉರಿಯಲಿಲ್ಲ! ಈಗತಾನೇ ಹೆಡ್‌ಲೈಟು ಧಗ್ಗನೆ ಉರಿದ ಬ್ಯಾಟರಿ. ಮೂವತ್ತು ವರ್ಷದ ದೀಪ ಇವತ್ತೇ ಸತ್ತಿತೇ ಎಂದು ಬಲ್ಬನ್ನು ಬೆರಳಲ್ಲಿ ತಟ್ಟಿ ನೋಡಿದ. ಸುಮ್ಮನೆ ನೋಡೋಣ ಎಂದು ಕ್ಲಿಪ್ಪನ್ನು ಬೋಲ್ಟಿನಿಂದ ತೆಗೆದು ಬ್ಯಾಟರಿಯ ಇನ್ನೊಂದು ತುದಿಗೆ ಕಚ್ಚಿಸಿದ. ಬಲ್ಬು ಫಳ್ಳನೆ ಹೊತ್ತಿಕೊಂಡಿತು.

ಮತ್ತೆ ಬೋಲ್ಟಿಗೆ ಹಾಕಿದ, ಕತ್ತಲೆ. ಮತ್ತೆ ಬ್ಯಾಟರಿಗೆ ಹಾಕಿದ, ಬೆಳಕು. ದೀಪ ಚೆನ್ನಾಗಿಯೇ ಇತ್ತು, ಬೋಲ್ಟೇ ಕರೆಂಟು ಬಿಡುತ್ತಿರಲಿಲ್ಲ. ಬೀರಯ್ಯನಿಗೆ ಮನಸ್ಸಿನಲ್ಲಿ ಏನೋ ಅಲುಗಾಡಿತು, ಆದರೆ ಅದನ್ನು ಒಪ್ಪಿಕೊಳ್ಳಲು ಇನ್ನೂ ತಯಾರಿರಲಿಲ್ಲ.

ಕ್ಲಿಪ್ಪನ್ನು ಬ್ಯಾಟರಿಯಲ್ಲೇ ಬಿಟ್ಟು ಮತ್ತೆ ಮೊದಲಿನಿಂದ ಹೊರಟ. ಈ ವ್ಯಾನಿನಲ್ಲಿ ಕರೆಂಟು ಒಂದು ಪ್ಲಗ್ಗಿನಿಂದ ಇನ್ನೊಂದಕ್ಕೆ ಸಾಲಾಗಿ ಹರಿದು, ನಾಲ್ಕನೆಯದರಿಂದ ಒಂದು ಸಣ್ಣ ಲೋಹದ ಪಟ್ಟಿಯ ಮೂಲಕ ಇಂಜಿನ್ನಿನ ಮೈಗೆ ಇಳಿಯಬೇಕು. ಇಳಿದರೆ ಮಾತ್ರ ಹರಿವು, ಹರಿದರೆ ಮಾತ್ರ ಕಾವು. ಒಂದರಲ್ಲಿ ಬೆಳಕು. ಎರಡು, ಮೂರು, ನಾಲ್ಕರಲ್ಲೂ ಬೆಳಕು. ಆ ಪಟ್ಟಿಯನ್ನು ಇಂಜಿನ್ನಿಗೆ ಬಿಗಿದ ಕಡೆಯ ತುದಿಗೆ ದಬ್ಬಳದ ಮೊನೆ ಊರಿದ. ಅಲ್ಲಿ ಬಲ್ಬು ಉರಿಯಬಾರದು. ಅಲ್ಲಿಗೆ ಬಂದ ಕರೆಂಟು ಮೈಯೊಳಗೆ ಇಳಿದುಹೋಗಿರಬೇಕು.

ಬಲ್ಬು ಉರಿಯುತ್ತಿತ್ತು.

ಕರೆಂಟು ಬಾಗಿಲವರೆಗೂ ಬಂದು ಒಳಗೆ ಹೋಗಲಾರದೆ ನಿಂತಿತ್ತು. ಬಾಗಿಲು ಹಾಕಿದ್ದು ಯಾವುದು? ಪಟ್ಟಿಯ ಮೇಲೆ, ವಾಷರಿನ ಮೇಲೆ, ಅದರ ಕೆಳಗಿನ ಕಬ್ಬಿಣದ ಮೇಲೆ, ಬೋಲ್ಟಿನ ಮರೆಯಲ್ಲಿ ಎಲ್ಲ ಕಡೆ ಬೆಳ್ಳಗೆ, ನುಣ್ಣಗೆ, ಎರಡು ಕೋಟು ಸಿಲ್ವರ್ ಪೇಂಟು. ಎಲ್ಲರಿಗೂ ಒಂದು ಕೋಟು, ಈ ಹುಡುಗನಿಗೆ ಪ್ರೀತಿಯಿಂದ ಎರಡು.

"ಏನ್ ಸಿಕ್ತು ಯಜಮಾನ್ರೇ?" ಕೆಂಪಯ್ಯ ಟಾರ್ಚನ್ನು ಸ್ವಲ್ಪ ಹತ್ತಿರ ತಂದ.

ಬೀರಯ್ಯ ತಲೆ ಎತ್ತಲಿಲ್ಲ. ಹೇಳಬಹುದಾದ ಸುಳ್ಳುಗಳೆಲ್ಲ ಸಾಲಾಗಿ ಬಂದು ನಿಂತವು. ಗಾಡಿ ಹಳೇದು ಎನ್ನಬಹುದು. ಮೈಸೂರಿನ ಮೇಸ್ತ್ರಿ ಸರಿಯಾಗಿ ಬಿಗಿದಿಲ್ಲ ಎನ್ನಬಹುದು. ಏನೂ ಹೇಳದೆ ಚಾಕುವಿನಲ್ಲಿ ಕೆರೆದು, ಬಿಗಿದು, ದೊಡ್ಡ ವಿದ್ವಾಂಸನ ಹಾಗೆ ಕೈ ಒರೆಸಿಕೊಳ್ಳಬಹುದು. ಸುತ್ತ ನಿಂತವರಲ್ಲಿ ಟ್ರ್ಯಾಕ್ಟರು ಇದ್ದವರು ಮೂವರು, ಎಲ್ಲರೂ ಅವನ ಗಿರಾಕಿಗಳು. ಆದರೆ ಗಾಡಿ ಹಳೇದು ಎಂದರೆ ಕೆಂಪಯ್ಯ ಹೊರಟೇಹೋಗುತ್ತಾನೆ. ಬಿಗಿ ಸಾಲದು ಎಂದರೆ, ಎರಡು ತಿಂಗಳು ಅದನ್ನು ನೋಡಿಕೊಳ್ಳದ ಹುಡುಗ ಎಂಥವನು ಎಂದು ಕೇಳುತ್ತಾನೆ. ಯಾವ ಸುಳ್ಳು ಹೇಳಿದರೂ ಅದು ಲಿಂಗರಾಜುವಿನ ತಲೆಯ ಮೇಲೇ ಬೀಳುತ್ತಿತ್ತು.

ಬೀರಯ್ಯ ಸೊಂಟ ನೆಟ್ಟಗೆ ಮಾಡಿ ನಿಂತ.

"ತಪ್ಪು ವ್ಯಾನಿಂದಲ್ಲ, ಈ ಉಡುಗಂದೂ ಅಲ್ಲ. ನಂದು. ಅಬ್ಬಕ್ಕೆ ಚೆಂದ ಕಾಣ್ಲಿ ಅಂತ ಇಂಜಿನ್ನಿಗೆ ಬಣ್ಣ ಒಡ್ದೆ. ಕರೆಂಟು ಇಳಿಯೋ ಜಾಗಕ್ಕೂ ಒಡ್ದ್‌ಬುಟ್ಟೆ. ನೋಡಕ್ಕೆ ಬೆಳ್ಳಿ, ಕರೆಂಟಿಗೆ ಗ್ವಾಡೆ. ಇವ್ನು ಮೂರು ಸಲ ಬಂದು ಕೇಳ್ದ, ನಾನು ದೀಪಾನೂ ಇಡೀದೆ ಪಂಪು ಪಂಪು ಅಂತ ಕಳಿಸ್ದೆ. ಇದ್ರಲ್ಲಿ ಯಾರಾರಾ ದಡ್ಡ ಇದ್ರೆ ಅವ ನಾನೇ ಕಣ್ರೀ."

ಅಷ್ಟರಲ್ಲಿ ಕಂಬಳಿಯೊಳಗಿಂದ ಮರಮ್ಮನ ದನಿ ಬಂತು: "ಅಯ್ಯೋ ನಿನ್ನ ಕೈ ಸೇದೋಗ! ನಿನ್ನ ಬಣ್ಣಕ್ಕೆ ನನ್ನ ಸೊಂಟ ಓಯ್ತಲ್ಲೋ ಬೀರಯ್ಯ!"

ಅಷ್ಟು ಸಾಕಾಯಿತು. ಹನ್ನೆರಡು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ತಿಂಗಳ ಬೆಳಗಿನ ನಿದ್ದೆ ಯಾವುದಕ್ಕೆ ಹೋಯಿತು ಎಂದು ತಿಳಿದ ಖುಷಿಗೇ ನಕ್ಕರು. ಬೀರಯ್ಯನೂ ನಕ್ಕ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಎದೆಯ ಮೇಲಿದ್ದ ಚಪ್ಪಡಿ ಇಳಿಸಿದ ಹಾಗೆ ಹಗುರವಾಯಿತು. ಕೆಂಪಯ್ಯ ಮಾತ್ರ ನಗಲಿಲ್ಲ.

"ಮೊದ್ಲು ಸ್ಟಾರ್ಟು ಮಾಡಿ" ಎಂದ.

ಬೀರಯ್ಯ ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಪಟ್ಟಿಯನ್ನೂ ವಾಷರನ್ನೂ ಇಂಜಿನ್ನಿನ ಆ ಬಿಲ್ಲೆಯಗಲದ ಜಾಗವನ್ನೂ ಬರೀ ಕಬ್ಬಿಣ ಕಾಣುವ ತನಕ ಉಜ್ಜಿದ. ಮತ್ತೆ ಬಿಗಿದ. ಲಿಂಗರಾಜು ಕೀಲಿಯನ್ನು ಅರ್ಧ ತಿರುಗಿಸಿ ಹಿಡಿದ. ಕಿಂಡಿಯೊಳಗಿನ ಸುರುಳಿ ಮೊದಲು ಕಂದಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಅವನ ಮುಖವೆಲ್ಲ ಬೆಳಗಿತು. ಬೀದಿಯವರು ತಮಗೆ ಗೊತ್ತಿಲ್ಲದೆಯೇ ಹಿಂದೆ ಹೋಗಿ ವ್ಯಾನಿಗೆ ಕೈ ಕೊಟ್ಟು ನಿಂತಿದ್ದರು.

"ಕೈ ತೆಗೀರ್ರೋ!" ಎಂದು ಬೀರಯ್ಯ ಕೂಗಿದ.

ಕೀಲಿ ತಿರುಗಿತು. ಒಂದೇ ಒಂದು ಕರ್ರ್. ಎರಡನೆಯದು ಬರುವ ಮುಂಚೆ ಇಂಜಿನ್ನು ಹಿಡಿದುಕೊಂಡು ಗುಡುಗುಡು ಎಂದಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಯಾರೋ ಶಿಳ್ಳೆ ಹಾಕಿದರು. ಮರಮ್ಮ ಸೊಂಟ ನೋವನ್ನೂ ಮರೆತು ಕೈ ತಟ್ಟಿದಳು.

ಕೆಂಪಯ್ಯ ಟಾರ್ಚು ಆರಿಸಿದ. ಬೆಳಕು ಹರಿಯುತ್ತಿತ್ತು. ಲಿಂಗರಾಜು ಇಳಿದು ಬಂದು ಕೈಕಟ್ಟಿ ನಿಂತ. ಕೆಂಪಯ್ಯ ಅವನನ್ನು ನೋಡಲಿಲ್ಲ, ಕಂಬಳಿ ಹೊದ್ದು ನಿಂತ ಬೀದಿಯನ್ನು ನೋಡಿದ.

"ನಾನು ಅವತ್ತು ತಪ್ಪು ನೋಡ್ದೆ ಕಣಕ್ಕ" ಎಂದ. "ಗಾಡಿ ಎದ್ದೇಳಕ್ಕೆ ಅನ್ನೆರ್ಡು ಜನ ಬೇಕಲ್ಲ ಅಂತ ನೋಡ್ದೆ. ಈ ಕೊರೆಯೋ ಚಳೀಲಿ ಎರ್ಡು ತಿಂಗ್ಳು ದಿನಾ ಅನ್ನೆರ್ಡು ಜನ ಎದ್ದು ಬರ್ಬೇಕಾದ್ರೆ ಈ ಉಡುಗ ಎಂಥವ್ನಾಗಿರ್ಬೇಕು ಅಂತ ನೋಡ್ಲಿಲ್ಲ. ಎಲೆ ಅಡಿಕೆ ತರಿಸಕ್ಕ." ಆಮೇಲೆ ಬೀರಯ್ಯನ ಕಡೆ ತಿರುಗಿ ಮೊದಲ ಸಲ ನಕ್ಕ. "ನೀವು ಗಂಡಿನ ಕಡೆಯವ್ರ ಜೊತೆ ಕೂತ್ಕಳಿ ಯಜಮಾನ್ರೇ. ಅಷ್ಟು ಜನದ ಮುಂದೆ ನಂದು ತಪ್ಪು ಅಂದೋರು ನಮಗೆ ಬೀಗರಾಗ್ಲಿ."

ಮದುವೆ ಫೆಬ್ರವರಿಯಲ್ಲಿ ಹೊಸ ಅಗ್ರಹಾರದಲ್ಲಿ ನಡೆಯಿತು. ಗಂಡಿನ ದಿಬ್ಬಣ ಹೊರಡುವ ಬೆಳಿಗ್ಗೆ ವ್ಯಾನು ಒಂದೇ ಏಟಿಗೆ ಎದ್ದಿತು. ಲಿಂಗರಾಜು ಪೇಟ ಕಟ್ಟಿಕೊಂಡೇ ಕಿಟಕಿಯಿಂದ ತಲೆ ಹಾಕಿ, "ತಳ್ಳಿದೋರೆಲ್ಲ ಮೊದ್ಲು ಅತ್ತಿ, ನೆಂಟ್ರು ಆಮ್ಯಾಕೆ" ಎಂದ. ಹನ್ನೆರಡು ಜನ ಹತ್ತಿದರು, ಮರಮ್ಮ ಮುಂದಿನ ಸೀಟಿನಲ್ಲಿ ಕೂತಳು. ಪುಟ್ಟಮಾದಮ್ಮ ದಾರಿಯುದ್ದಕ್ಕೂ ದೀಪದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದಳು. ಅವಳ ಗಂಡ ಹಿಂದೆ ಕೂತು ಹೂವಿನ ಬುಟ್ಟಿ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಅವನ ಅಂಗಡಿಗೆ ಗಿರಾಕಿ ಕಮ್ಮಿಯಾಗಲಿಲ್ಲ. ಬದಲಿಗೆ ಪ್ರತಿಯೊಬ್ಬನೂ ಬಂದ ತಕ್ಷಣ, "ಬೀರಣ್ಣ, ದೀಪ ಮಾತಾಡ್ತಾ?" ಎಂದು ಕೇಳಲು ಶುರುಮಾಡಿದ. ಬೀರಯ್ಯ ಬೈಯುತ್ತಿದ್ದ, ಆಮೇಲೆ ದೀಪ ತೆಗೆಯುತ್ತಿದ್ದ.

ಮುಂದಿನ ಆಯುಧಪೂಜೆ ಬಂತು. ಬಣ್ಣದ ಡಬ್ಬಿಯನ್ನು ಮೂಲೆಗೆ ತಳ್ಳಿ, ಈ ವರ್ಷ ಬರೀ ತೊಳೆದು ಕೊಡುವುದು ಎಂದು ಬೀರಯ್ಯ ನಿರ್ಧರಿಸಿದ್ದ. ಹಬ್ಬದ ಹಿಂದಿನ ದಿನ ಲಿಂಗರಾಜುವಿನ ವ್ಯಾನು ಹೊಂಗೆ ಮರದ ಕೆಳಗೆ ಬಂದು ನಿಂತಿತು. ಅದರಿಂದ ರಮ್ಯ ಇಳಿದಳು. ಎರಡು ಜಡೆಯ, ನಗುಮುಖದ ಹುಡುಗಿ.

"ಬಣ್ಣ ಎಲ್ಲಿ ಬೀರಣ್ಣ?"

"ಬ್ಯಾಡ ಕಣವ್ವ. ಒಂದ್ಸಲ ಮಾಡಿದ್ದು ಸಾಕು."

"ಅದೆಂಗೆ ಬ್ಯಾಡ? ಆ ಬಣ್ಣ ಒಡೀದಿದ್ರೆ ನಮ್ಮಪ್ಪ ನಮ್ಮ ಬೀದಿ ಜನಾನ ಎಲ್ಲಿ ನೋಡ್ತಿದ್ದ? ಒಡೀರಿ. ಎರ್ಡು ಕೋಟು."

ಅವಳೇ ಡಬ್ಬಿ ತಂದು ಮುಚ್ಚಳ ತೆಗೆದಳು. ಬೀರಯ್ಯ ಕುಂಚ ಅದ್ದಿಕೊಂಡು ಇಂಜಿನ್ನಿನ ಮೇಲೆ ಎಳೆಯುತ್ತಾ ಬಂದ. ನಾಲ್ಕನೇ ಪ್ಲಗ್ಗಿನ ಪಟ್ಟಿಯ ಹತ್ತಿರ ಬಂದಾಗ ಕೈ ತಾನಾಗಿಯೇ ನಿಂತಿತು. ಅಷ್ಟರಲ್ಲಿ ಬಳೆ ಸದ್ದಾಯಿತು. ರಮ್ಯ ಬಗ್ಗಿ, ಪಟ್ಟಿ ಬಿಗಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದಳು.

"ನೀವು ಒಡೀರಿ ಅಣ್ಣ, ನಾನು ಇಡ್ಕಂಡಿವ್ನಿ."

ಬೀರಯ್ಯ ನಗುತ್ತಾ ಅವಳ ಬೆರಳಿನ ಸುತ್ತ ಎರಡು ಕೋಟು ಹೊಡೆದು ಮುಗಿಸಿದ. ಅವಳು ಕೈ ತೆಗೆದಾಗ ಇಂಜಿನ್ನು ಇಡಿಯಾಗಿ ಹೊಳೆಯುತ್ತಿತ್ತು, ಅವಳ ಹೆಬ್ಬೆರಳಿನಷ್ಟು ಜಾಗ ಮಾತ್ರ ಬರೀ ಕಬ್ಬಿಣವಾಗಿ ಉಳಿದಿತ್ತು.